ಸೋಮವಾರದ ಮಾರನೇ ದಿನ

ಬಿದ್ವಂತಿಯ ವಾರಕ್ಕೆ ಆರೇ ದಿನ. ಸೋಮವಾರದ ಮಾರನೇ ದಿನಕ್ಕೆ ಊರೆಲ್ಲ ಕರೆಯುವ ಹೆಸರನ್ನು ಅವಳು ಮದುವೆಯಾದ ಮೇಲೆ ಒಂದು ಸಲವೂ ಬಾಯಲ್ಲಿ ಆಡಿದವಳಲ್ಲ. ಆಡುವುದಾದರೂ ಹೇಗೆ? ಗಂಡ ಹುಟ್ಟಿದ್ದು ಆ ದಿನ. ಹೆತ್ತ ತಾಯಿ ಬೇರೆ ಯೋಚನೆಯನ್ನೇ ಮಾಡದೆ ಮಂಗಲ್ ಅಂತ ಹೆಸರಿಟ್ಟುಬಿಟ್ಟಳು. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಸವೆಯುತ್ತದೆ ಅನ್ನುವ ಮಾತನ್ನು ಅಜ್ಜಂದಿರು ಬಿಹಾರದಿಂದ ಮಾರಿಷಸ್ಸಿಗೆ ಹಡಗು ಹತ್ತುವಾಗ ಗಂಟಿನಲ್ಲಿ ಕಟ್ಟಿಕೊಂಡೇ ಬಂದಿದ್ದರು. ದಾರಿಯಲ್ಲಿ ಜಾತಿ ಕಳೆಯಿತು, ಊರು ಕಳೆಯಿತು, ಈ ಗಂಟು ಮಾತ್ರ ಸಮುದ್ರಕ್ಕೆ ಬೀಳಲಿಲ್ಲ ನೋಡಿ.

ಫ್ಲಾಕ್ ಸೀಮೆಯ ನಮ್ಮ ಕೋಠಿಯಲ್ಲಿ, ಅಂದರೆ ಕಬ್ಬಿನ ತೋಟದ ಕೇರಿಯಲ್ಲಿ, ಇದೊಂದು ದೊಡ್ಡ ತಮಾಷೆಯಾಗಿತ್ತು. ಚೀನಿಯವನ ಅಂಗಡಿಗೆ ಉಪ್ಪುಮೀನು ಬರುವುದು ಆ ದಿನವೇ. ಪಕ್ಕದ ಮನೆಯ ಕೌಲ್ಪತಿ ಗೊತ್ತಿದ್ದೂ ಗೊತ್ತಿದ್ದೂ ಕೇಳುತ್ತಿದ್ದಳು.

"ಉಪ್ಪುಮೀನು ಯಾವತ್ತು ಬರುತ್ತೇ ಬಿದ್ವಂತಿ?"

"ಸೋಮವಾರದ ಮಾರನೇ ದಿನ."

"ಆ ದಿನಕ್ಕೆ ಹೆಸರಿಲ್ವೇನೇ, ಪಾಪ?"

"ಇದೆ. ನಿನ್ನ ಗಂಡನಿಗೂ ಒಂದು ಹೆಸರಿದೆ. ಎಲ್ಲಿ, ನೀನು ಹೇಳು ನೋಡೋಣ!"

ಕೌಲ್ಪತಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಅವಳ ಗಂಡನ ಹೆಸರು ಯಾವ ವಾರದ್ದೂ ಅಲ್ಲವಾದ್ದರಿಂದ ಬಚಾವು.

ಬಿದ್ವಂತಿ ಅಂದರೆ ವಿದ್ಯೆ ಇದ್ದವಳು ಅಂತ. ಹೆಸರಿಗೇನು, ಯಾರು ಬೇಕಾದರೂ ಇಡಬಹುದು. ಶಾಲೆಯ ಬಾಗಿಲು ಹೇಗಿರುತ್ತದೆಂದು ಅವಳು ನೋಡಿರಲಿಲ್ಲ. ಹಾಲುಹಲ್ಲು ಬೀಳುವ ಮೊದಲೇ ಕಬ್ಬಿನ ಸಾಲಿನಲ್ಲಿ ಕಳೆ ಕೀಳಲು ನಿಂತವಳು, ಮೈನೆರೆದ ವರ್ಷವೇ ಪಕ್ಕದ ಕೋಠಿಯಿಂದ ನಮ್ಮ ಕೋಠಿಗೆ ಸೊಸೆಯಾಗಿ ಬಂದಳು. ಮಂಗಲ್ ಮಾತುಗಾರ, ಕಿಡಿಗೇಡಿ. ಆ ದಿನ ಬಂತೆಂದರೆ ಸಾಕು, ಊಟಕ್ಕೆ ಕೂತವನು ಗಂಭೀರವಾಗಿ, "ಇವತ್ತು ಯಾವ ವಾರ ಅಂತ ಮರೆತೇಹೋಗಿದೆ, ಸ್ವಲ್ಪ ಹೇಳ್ತೀಯಾ?" ಅನ್ನುತ್ತಿದ್ದ. ಅವಳು ಸೌಟು ಎತ್ತುತ್ತಿದ್ದಳು. ಅತ್ತೆ ಜಗ್ಮತಿ ಹೊಸ್ತಿಲಲ್ಲಿ ಕೂತು, "ಬಾರಿಸೇ, ನನ್ನ ಮಗ ಅಂತ ನೋಡಬೇಡ!" ಎಂದು ಹುರಿದುಂಬಿಸುತ್ತಿದ್ದಳು. ಮಕ್ಕಳಾಗಿರಲಿಲ್ಲ. ಆಗುತ್ತವೆ ಬಿಡು, ಏನು ಅವಸರ ಅಂದುಕೊಂಡಿದ್ದರು.

ಆಮೇಲೆ ಬಂತು ಆ ಕೆಟ್ಟ ವರ್ಷ. ಕೂಲಿಯ ಜೊತೆಗೆ ಚೂರುಪಾರು ನೆಲ ಹಿಡಿದು ಕಬ್ಬು ಬೆಳೆಯುತ್ತಿದ್ದ ನಮ್ಮಂಥವರ ಕಬ್ಬಿಗೆ ಗಿರಣಿಯವರು ಇದ್ದಕ್ಕಿದ್ದಂತೆ ದರ ಇಳಿಸಿದರು. ನಿಮ್ಮದು ಒರಟು ಜಾತಿ, ರಸ ಕಡಿಮೆ ಅಂದರು. ಅದೇ ಜಾತಿಯನ್ನು ನೆಡಿ ಅಂತ ಹೇಳಿದ್ದೂ ಅವರೇ. ಯಾರಿಗೆ ಹೇಳಿಕೊಳ್ಳುವುದು? ಆಗ ಕೌನ್ಸಿಲ್ಲಿಗೆ ಓಟು ಹಾಕುವ ಹಕ್ಕಿದ್ದದ್ದು ಜಮೀನು, ಬಂಗಲೆ ಇದ್ದವರಿಗೆ ಮಾತ್ರ. ಬಡವನಿಗೆ ಬಾಯಿದ್ದರೂ ಕೇಳುವ ಕಿವಿ ಇರಲಿಲ್ಲ. ಅದಕ್ಕೇ ಜನ ಕಾಲಿಗೆ ಕೆಲಸ ಕೊಟ್ಟರು. ಒಂದು ಶುಕ್ರವಾರ ಕಬ್ಬಿನ ಗಾಡಿಗಳನ್ನು ರಸ್ತೆಯಲ್ಲೇ ಬಿಟ್ಟು ಗಿರಣಿಯ ಅಂಗಳಕ್ಕೆ ನುಗ್ಗಿದರು. ಒಳಗಿನಿಂದ ಗುಂಡು ಹಾರಿದವು.

ಮಂಗಲ್ ಬಿದ್ದದ್ದನ್ನು ಕಂಡವರು ಇಬ್ಬರು. ಹೊಟ್ಟೆ ಹಿಡಿದುಕೊಂಡಿದ್ದ ಅಂದರು. ಪೋಲೀಸರು ಲಾರಿಗೆ ಎತ್ತಿಹಾಕುವಾಗ ಕಾಲು ಆಡಿಸುತ್ತಿದ್ದ ಅಂದರು. ಸುದ್ದಿ ಕೇಳಿ ಜಗ್ಮತಿ ಅಲ್ಲೇ ಕುಸಿದಳು, ಅವತ್ತು ಏಳಲಾಗಲಿಲ್ಲ. ಬಿದ್ವಂತಿ ಒಬ್ಬಳೇ ಆಸ್ಪತ್ರೆಗೆ ಓಡಿದಳು. ಗೇಟಿನಲ್ಲಿ ಆಫ್ರಿಕಾ ಮೂಲದ ಕ್ರಿಯೋಲ್ ಕಾವಲುಗಾರ ತಡೆದ.

"ಯಾರು ಬೇಕು?"

"ನಮ್ಮನೆಯವರು."

"ಹೆಸರು?"

ಅವಳು ಬಾಯಿ ತೆರೆದಳು, ಮುಚ್ಚಿದಳು. ಹೊಟ್ಟೆಗೆ ಗುಂಡು ಬಿದ್ದ ಗಂಡ ಒಳಗೆ ಉಸಿರು ಹಿಡಿದು ಮಲಗಿದ್ದಾನೆ. ಇಂಥ ಹೊತ್ತಿನಲ್ಲಿ ಅವನ ಆಯುಸ್ಸಿಗೆ ಕತ್ತರಿ ಹಾಕುವುದೇ?

"ಸೋಮವಾರದ ಮಾರನೇ ದಿನ," ಅಂದಳು, ಕೈ ಮುಗಿದು.

"ಅವತ್ತೇ ಬಾ ಹಾಗಾದ್ರೆ," ಅಂದ ಕಾವಲುಗಾರ, ಗೇಟು ಹಾಕಿದ.

ಅಯ್ಯೋ, ನಗಬೇಡಿ. ಅವಳು ಗೇಟಿನ ಕಂಬಿ ಹಿಡಿದು ಎಷ್ಟು ಅತ್ತಳೋ! ಹುಟ್ಟಿದ ದಿನ ಹೇಳಿದಳು, ಮಚ್ಚೆ ಹೇಳಿದಳು, ಕೈ ಎತ್ತಿ ಗಂಡನ ಎತ್ತರ ತೋರಿಸಿದಳು. ಇವಳಿಗೆ ಬರುತ್ತಿದ್ದ ನಾಲ್ಕು ಮಾತು ಕ್ರಿಯೋಲ್ ಅಷ್ಟರಲ್ಲೇ ಮುಗಿದಿತ್ತು, ಉಳಿದ ಭೋಜಪುರಿ ಅವನಿಗೆ ಅರ್ಥವಾಗಲಿಲ್ಲ. ಮಾರನೇ ದಿನ ಜಗ್ಮತಿ ಬಿದ್ದು ಎದ್ದು ಹೋಗಿ, "ಮಂಗಲ್! ನನ್ನ ಮಗ ಮಂಗಲ್!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಅಂಥವನು ಇಲ್ಲಿ ಯಾರೂ ಇಲ್ಲ ಅಂದರು. ಪೋಲೀಸ್ ಠಾಣೆಯಲ್ಲೂ ಇಲ್ಲ. ಹೆಣವೂ ಇಲ್ಲ, ಹೆಣದ ಸುದ್ದಿಯೂ ಇಲ್ಲ. ಬೇರೆಯವರ ಜೊತೆ ಮಣ್ಣು ಮಾಡಿದರು ಅಂತ ಒಬ್ಬ. ಗಾಯ ಮಾಯ್ದ ಮೇಲೆ ದೋಣಿ ಹತ್ತಿಸಿ ಪಕ್ಕದ ಬೂರ್ಬೊನ್ ದ್ವೀಪಕ್ಕೆ ಕಳಿಸಿದರು ಅಂತ ಇನ್ನೊಬ್ಬ. ಸರ್ಕಾರ ಮಾತ್ರ ಬಾಯಿ ಬಿಡಲಿಲ್ಲ.

ಅವತ್ತಿನಿಂದ ಆ ಒಂದೇ ಗುಡಿಸಲಿನಲ್ಲಿ ಇಬ್ಬರು ಹೆಂಗಸರ ಯುದ್ಧ. ಬಿದ್ವಂತಿ ದಿನಾ ಬೆಳಿಗ್ಗೆ ಬೈತಲೆಗೆ ಸಿಂಧೂರ ತುಂಬಿಕೊಳ್ಳುವಳು. ಜಗ್ಮತಿ ಅದನ್ನು ನೋಡಿ ಉರಿಯುವಳು.

"ಯಾರಿಗೆ ತೋರಿಸೋಕೆ ಈ ಶೃಂಗಾರ? ಸತ್ತಿದಾನೆ ಕಣೇ ಅವನು!"

"ಇಲ್ಲ ಅತ್ತೆ."

"ಸತ್ತ! ನೀನೇ ಕೊಂದೆ. ಅವತ್ತು ಗೇಟಲ್ಲಿ ಬಾಯಿ ಬಿಟ್ಟಿದ್ರೆ ನನ್ನ ಮಗನ ಮುಖನಾದ್ರೂ ಸಿಗ್ತಿತ್ತು. ಮೂಗಿ, ದರಿದ್ರದವಳೇ!"

"ಇಲ್ಲ ಅತ್ತೆ. ಬರ್ತಾರೆ."

ಬೇರೆ ಸೊಸೆಯಾಗಿದ್ದರೆ ಗಂಟುಮೂಟೆ ಕಟ್ಟಿ ತವರಿಗೆ ಹೋಗುತ್ತಿದ್ದಳು. ಇವಳು ಹೋಗಲಿಲ್ಲ. ಅತ್ತೆಗೆ ಬೆಳಿಗ್ಗೆ ಚಹಾ ಕಾಸಿಕೊಟ್ಟು, ಬೈಗುಳ ಕೇಳಿ, ಇಲ್ಲ ಅಂದು, ರೊಟ್ಟಿಗೆ ಸೊಪ್ಪಿನ ಪಲ್ಯ ಸುತ್ತಿಕೊಂಡು ಕಬ್ಬಿನ ಸಾಲಿಗೆ ನಡೆಯುವಳು. ಹತ್ತು ವರ್ಷ ದಾಟಿತು, ಈ ಕ್ರಮ ತಪ್ಪಲಿಲ್ಲ. ಮುದುಕಿಯ ಕಣ್ಣಿಗೆ ಪೊರೆ ಬಂತು, ಗಂಟಲು ಮಾತ್ರ ಹಾಗೇ ಇತ್ತು.

ಈ ನಡುವೆ ಗುಂಡು ಹಾರಿದ್ದರ ವಿಚಾರಣೆಗೆಂದು ಸಾಹೇಬರ ಒಂದು ತಂಡ ಬಂದು ಹೋಯಿತು. ಮಹಾಯುದ್ಧದ ಕಾಲದಲ್ಲಿ ಇನ್ನೊಂದು ಕೋಠಿಯಲ್ಲಿ ಮತ್ತೆ ಮುಷ್ಕರ, ಮತ್ತೆ ಗುಂಡು, ಮತ್ತೆ ಹೆಣ. ಇವರನ್ನು ಹೀಗೇ ಬಿಟ್ಟರೆ ದ್ವೀಪವೇ ಹೊತ್ತಿಕೊಳ್ಳುತ್ತದೆ ಅನ್ನುವುದು ನಮ್ಮನ್ನಾಳುತ್ತಿದ್ದ ಲಂಡನ್ನಿನವರ ತಲೆಗೆ ಹೋಗಲು ಅಷ್ಟು ರಕ್ತ ಬೇಕಾಯಿತು. ಕೊನೆಗೆ ಹೊಸ ಸಂವಿಧಾನ ಅಂತ ಒಂದನ್ನು ಕಳಿಸಿದರು. ಜಮೀನು ಬೇಡ, ಬಂಗಲೆ ಬೇಡ, ಗಂಡು ಹೆಣ್ಣು ಅನ್ನುವ ಭೇದ ಬೇಡ. ಈ ದ್ವೀಪದ ಯಾವುದಾದರೂ ಒಂದು ಭಾಷೆಯಲ್ಲಿ ಒಂದು ಸರಳ ವಾಕ್ಯ ಓದಿ ಬರೆಯಲು ಬಂದರೆ ಸಾಕು, ಓಟು ಸಿಗುತ್ತದೆ.

ಒಂದೇ ಒಂದು ವಾಕ್ಯ! ಊರವರು ಸೇರುವ ನಮ್ಮ ಬೈಠಕ್ಕಿನಲ್ಲಿ ಸಂಜೆ ಪಾಠ ಶುರುವಾಯಿತು. ಹುಲ್ಲು ಹೊದಿಸಿದ ಆ ಕೊಟ್ಟಿಗೆಯಲ್ಲಿ ಕಬ್ಬು ಕಡಿದು ಬಂದ ಗಂಡಸರು, ಕೂಸು ಕಟ್ಟಿಕೊಂಡ ಹೆಂಗಸರು ಸ್ಲೇಟು ಹಿಡಿದು ಕೂತರು. ಮಚ್ಚು ಹಿಡಿದು ದಡ್ಡುಗಟ್ಟಿದ ಕೈಗಳಲ್ಲಿ ಬಳಪ ಪಟಪಟ ಮುರಿಯುತ್ತಿತ್ತು. ಗುರೂಜಿ ಬಲ್ಗೋಬಿನ್ ದೊಡ್ಡ ಸುಧಾರಣೆಯ ಮನುಷ್ಯ. ಮೊದಲ ದಿನವೇ ಹೇಳಿದರು: "ಈ ಕಾನೂನು ಯಾರೋ ದಯೆಯಿಂದ ಕೊಟ್ಟ ಭಿಕ್ಷೆ ಅಲ್ಲ. ಗಿರಣಿ ಅಂಗಳದಲ್ಲಿ ಬಿದ್ದವರು ಗಳಿಸಿಕೊಟ್ಟ ಆಸ್ತಿ. ನಮ್ಮವನೊಬ್ಬ ಕೌನ್ಸಿಲ್ಲಿಗೆ ಹೋದರೆ ಸರ್ಕಾರ ಅವನ ಪ್ರಶ್ನೆಗೆ ಎದ್ದು ನಿಂತು ಉತ್ತರ ಕೊಡಬೇಕು."

ಬಿದ್ವಂತಿ ತಲೆ ಎತ್ತಿದಳು. "ಏನು ಕೇಳಿದ್ರೂ ಹೇಳಬೇಕಾ ಗುರೂಜಿ?"

"ಹೇಳಲೇಬೇಕು."

"ಒಬ್ಬರನ್ನ ಎಲ್ಲಿ ಇಟ್ಟಿದೀರಿ ಅಂತ ಕೇಳಿದ್ರೂ?"

ಗುರೂಜಿ ಕೈಯಲ್ಲಿದ್ದ ಬಳಪ ಕೆಳಗಿಟ್ಟು, "ಅದನ್ನೂ ಕೇಳೋಣಮ್ಮ. ಮೊದಲು ನೀನು ಓಟು ಪಡ್ಕೋ," ಅಂದರು.

ಅಷ್ಟು ಸಾಕಾಯಿತು. ಹಸಿದವರು ಉಣ್ಣುವ ಹಾಗೆ ಅವಳು ಅಕ್ಷರ ಕಲಿತಳು. ಕಬ್ಬಿನ ಸಾಲಿನ ಮಣ್ಣಿನಲ್ಲಿ ಬರೆದಳು, ಒಲೆಯ ಬೂದಿಯಲ್ಲಿ ಬರೆದಳು. ಹಿಂದಿಯಲ್ಲಿ "ಹಸು ಹಾಲು ಕೊಡುತ್ತದೆ" ಎಂದು ಅವಳು ಬರೆದರೆ ಗುರೂಜಿ ಅದನ್ನು ಎತ್ತಿ ಎಲ್ಲರಿಗೂ ತೋರಿಸುತ್ತಿದ್ದರು. ವಾರಗಳ ಹೆಸರು ಬರೆಸಿದ ದಿನ ಮಾತ್ರ ಅವಳ ಸ್ಲೇಟಿನಲ್ಲಿ ಸೋಮವಾರಕ್ಕೂ ಬುಧವಾರಕ್ಕೂ ನಡುವೆ ಜಾಗ ಖಾಲಿ ಇತ್ತು. "ಇದೆಲ್ಲ ಮೂಢನಂಬಿಕೆ," ಎಂದು ಗುರೂಜಿ ರೇಗಿದರು. "ನಿಮ್ಮ ಹೆಂಡ್ತಿ ನಿಮ್ಮ ಹೆಸರು ಕೂಗ್ತಾರಾ ಗುರೂಜಿ?" ಎಂದಳು ಕೌಲ್ಪತಿ ಹಿಂದಿನಿಂದ. ಬೈಠಕ್ಕಿಗೆ ಬೈಠಕ್ಕೇ ನಕ್ಕಿತು, ಗುರೂಜಿಯೂ ನಕ್ಕು ಕೈಬಿಟ್ಟರು. ಆಗಲೇ ಎಳೆದು ಕೂರಿಸಿ ಬರೆಸಬೇಕಿತ್ತು ಅಂತ ಆಮೇಲೆ ಅನ್ನಿಸಿ ಏನು ಬಂತು?

ಪರೀಕ್ಷೆ ಮಾಡಿ ಹೆಸರು ಹಚ್ಚಿಕೊಳ್ಳುವ ಸಾಹೇಬ ನಮ್ಮ ಹಳ್ಳಿಗೆ ಬಂದದ್ದು ಎರಡು ದಿನಕ್ಕೆ, ಸೋಮವಾರ ಮತ್ತು ಅದರ ಮಾರನೇ ದಿನ. ಅಲ್ಲಿಂದ ಬೇರೆ ಸೀಮೆಗೆ ಹೊರಟುಬಿಡುತ್ತಾನೆ. ಕೋಠಿಯ ಸರ್ದಾರ ಆಳುಗಳನ್ನು ಎರಡು ಪಾಲು ಮಾಡಿದ. ಕೌಲ್ಪತಿಯ ಪಾಲು ಮೊದಲ ದಿನ, ಬಿದ್ವಂತಿಯ ಪಾಲು ಎರಡನೇ ದಿನ.

ಸೋಮವಾರ ಸಂಜೆ ಕೌಲ್ಪತಿ ಹಬ್ಬದಂತೆ ಕುಣಿಯುತ್ತಾ ಬಂದಳು. ಪಾಸು!

"ಏನು ಕೇಳಿದ್ರೇ? ಕಷ್ಟನಾ?"

"ಏನೂ ಇಲ್ಲ ಕಣೇ! ಆ ಸಾಹೇಬನಿಗೆ ತಲೆಯಲ್ಲಿ ಇರೋದು ಒಂದೇ ವಾಕ್ಯ. ಎಲ್ಲರಿಗೂ ಅದೇ. ಇವತ್ತು ಸೋಮವಾರ, ಬರಿ, ಓದು, ನಡಿ. ನಾಳೆ ನಿಂಗೂ..."

ಅಲ್ಲಿಗೆ ಕೌಲ್ಪತಿಯ ನಗು ನಿಂತಿತು. ಅಂಗಳದಲ್ಲಿದ್ದ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಇಷ್ಟು ವರ್ಷ ಇದೇ ಮಾತಿಗೆ ನಕ್ಕವರು, ಅವತ್ತು ಒಬ್ಬರಿಗೂ ನಗು ಬರಲಿಲ್ಲ.

ಸರ್ದಾರನ ಕಾಲು ಹಿಡಿದರೆ ಏನು ಬಂತು, ಸೋಮವಾರ ಮುಗಿದಾಯಿತು. ಬಿದ್ವಂತಿ ಗುರೂಜಿಯ ಹತ್ತಿರ ಓಡಿದಳು. "ಬೇರೆ ವಾಕ್ಯ ಕೊಡಿ ಅಂತ ಕೇಳ್ತೀನಮ್ಮ," ಅಂದರು ಅವರು, ಆದರೆ ಅವರ ದನಿಯಲ್ಲೇ ಜೀವ ಇರಲಿಲ್ಲ. ಮನೆಗೆ ಬಂದರೆ ಜಗ್ಮತಿ ಆಗಲೇ ಸುದ್ದಿ ಕೇಳಿಸಿಕೊಂಡು ಕಾಯುತ್ತಿದ್ದಳು.

"ಬರೆದು ಬಾ. ಸತ್ತವನ ಹೆಸರು ಬರೆದರೆ ಏನು ಸವೆಯುತ್ತೆ?"

"ಸತ್ತಿಲ್ಲ ಅತ್ತೆ."

"ಥೂ, ನಿನ್ನ ಹಟಕ್ಕಿಷ್ಟು!" ಎಂದು ಮುದುಕಿ ಗೋಡೆ ಕಡೆ ತಿರುಗಿ ಮಲಗಿದಳು.

ಮರುದಿನ ಅಂಚೆಮನೆಯ ಜಗಲಿಯಲ್ಲಿ ಮೇಜು ಹಾಕಿತ್ತು. ಸಾಹೇಬ ಕೆಟ್ಟವನೇನಲ್ಲ, ಬೆವರು ಒರೆಸಿಕೊಳ್ಳುತ್ತಾ ಬೇಗ ಮುಗಿದರೆ ಸಾಕು ಅಂತ ಕೂತಿದ್ದ. ಪಕ್ಕದಲ್ಲಿ ದುಭಾಷಿ, ಬಿಸ್ನಾಥ್ ಅಂತ ನಮ್ಮವರ ಪೈಕಿ ಪಟ್ಟಣದಲ್ಲಿ ಓದಿದ ತರುಣ. ಗುರೂಜಿ ಬೇರೆ ವಾಕ್ಯದ ವಿಷಯ ಎತ್ತಿದ್ದಕ್ಕೆ ಸಾಹೇಬ ತಲೆ ಅಲ್ಲಾಡಿಸಿದ್ದ. ಒಬ್ಬರಿಗೊಂದು ಒಬ್ಬರಿಗೊಂದು ಕೊಟ್ಟರೆ ನಾಳೆ ಬಂಗಲೆಯವರು ಮೋಸ ಅಂತ ದೂರು ಕೊಡುತ್ತಾರೆ. ಎಲ್ಲರಿಗೂ ಒಂದೇ. ಅದೇ ನ್ಯಾಯ ಅಂದನಂತೆ.

ಬಿದ್ವಂತಿಯ ಸರದಿ ಬಂತು. "ಇವತ್ತು ಮಂಗಳವಾರ ಅಂತ ಬರೀರಿ ಚಿಕ್ಕಮ್ಮ," ಎಂದ ಬಿಸ್ನಾಥ್.

ಅವಳು ಪೆನ್ಸಿಲು ಹಿಡಿದು, ನಾಲಿಗೆ ಕಚ್ಚಿಕೊಂಡು, ಬರೆಯತೊಡಗಿದಳು. ಉದ್ದಕ್ಕೆ ಬರೆದಳು. ಬಿಸ್ನಾಥ್ ಬಗ್ಗಿ ಓದಿದ: ಇವತ್ತು ಸೋಮವಾರದ ಮಾರನೇ ದಿನ.

ಅವನಿಗೆ ನಗು ಬಂತು. ಸಾಹೇಬನಿಗೆ ಹೇಳಿದ. ಸಾಹೇಬ ನಗಲಿಲ್ಲ. ಕೇಳಿದ್ದು ಇದಲ್ಲ, ಇದು ಯಾರೋ ಬಾಯಿಪಾಠ ಮಾಡಿಸಿ ಕಳಿಸಿದ್ದು, ಮುಂದಿನವರನ್ನು ಕರೆ ಅಂದ.

"ಇಲ್ಲ ಸಾಹೇಬರೇ, ಇದಕ್ಕಿಂತ ಕಷ್ಟದ್ದು ಕೇಳಿ, ಬರೀತೀನಿ," ಎಂದಳು ಅವಳು. "ಹಸು ಹಾಲು ಕೊಡುತ್ತೆ ಬರೀಲಾ? ಬುಧವಾರ ಬರೀಲಾ? ಶನಿವಾರ ಬರೀಲಾ?"

ಬಿಸ್ನಾಥನಿಗೆ ಆಗ ಹೊಳೆಯಿತು. ಅವನೂ ಅಂಥ ತಾಯಿಯ ಹೊಟ್ಟೆಯಲ್ಲೇ ಹುಟ್ಟಿದವನಲ್ಲವೇ. ದನಿ ಇಳಿಸಿ, "ಚಿಕ್ಕಪ್ಪನ ಹೆಸರಾ?" ಅಂದ. ಅವಳು ಹೂಂ ಅಂದಳು. "ಚಿಕ್ಕಪ್ಪ ಎಲ್ಲಿದಾರೆ?" ಅವಳು ಗಿರಣಿಯ ಚಿಮಣಿಯ ಕಡೆ ನೋಡಿದಳು. ಹಿಂದೆ ನಿಂತಿದ್ದ ಗುರೂಜಿ ಎರಡು ಮಾತಿನಲ್ಲಿ ಸಂಗತಿ ಹೇಳಿದರು.

ಬಿಸ್ನಾಥನ ಮುಖ ಇಳಿಯಿತು. "ಹಾಗಾದ್ರೆ ಬರೆದುಬಿಡಿ ಚಿಕ್ಕಮ್ಮ. ಅವರು ಹೋಗಿ ಎಷ್ಟೋ ವರ್ಷ ಆಯ್ತಲ್ಲ."

"ಹೋದರು ಅಂತ ನಿಂಗೆ ಯಾರಪ್ಪ ಹೇಳಿದ್ದು?"

ಬಿಸ್ನಾಥ್ ಗುರೂಜಿಯ ಕಡೆ ನೋಡಿದ.

"ನಂಗೂ ಯಾರೂ ಹೇಳಿಲ್ಲ," ಎಂದಳು. ದನಿ ಜೋರಾಗಿತ್ತು. "ಲಾರಿಯಲ್ಲಿ ಹಾಕ್ಕೊಂಡು ಹೋಗಿದ್ದು ಇವರು. ಇವರೇ ತಾನೇ ಸರ್ಕಾರ? ಕೇಳು ಇವರನ್ನ. ಸತ್ತಿದಾರೆ ಅಂತ ಸರ್ಕಾರದ ಬಾಯಿಂದ ಒಂದು ಮಾತು ಹೇಳಲಿ, ಈಗಲೇ ಬರೀತೀನಿ. ಇದಾರೆ ಅನ್ನಲಿ, ನಂಗೆ ಈ ಓಟೂ ಬೇಡ ಏನೂ ಬೇಡ, ಮನೆಗೆ ಹೋಗಿ ಅನ್ನಕ್ಕಿಡ್ತೀನಿ. ಎರಡರಲ್ಲಿ ಒಂದು ಹೇಳಲಿ!"

ಬಿಸ್ನಾಥ್ ಹೇಳಿದ್ದನ್ನು ಸಾಹೇಬ ಪೂರ್ತಿ ಕೇಳಿದ. ಅವನ ಕಿವಿ ಕೆಂಪಾಯಿತು. ತನಗೆ ಗೊತ್ತಿಲ್ಲ, ಆಗ ತಾನು ಈ ದ್ವೀಪದಲ್ಲೇ ಇರಲಿಲ್ಲ, ಅದು ಬೇರೆ ಇಲಾಖೆ ಅಂದ. ಆಮೇಲೆ ಗಡಿಯಾರ ನೋಡಿ, ಇನ್ನೊಂದು ಅವಕಾಶ ಕೊಡುತ್ತೇನೆ, ಇದೇ ಕೊನೆ ಎಂದು ಹೊಸ ಹಾಳೆ ಮುಂದಿಟ್ಟ. ಪುಣ್ಯಾತ್ಮ, ಅವನ ಮಟ್ಟಿಗೆ ಅದು ದೊಡ್ಡ ಉಪಕಾರ.

ಬಿದ್ವಂತಿ ಆ ಬಿಳಿ ಹಾಳೆ ನೋಡುತ್ತಾ ನಿಂತಳು. ಬರೆಯದೆ ಹೊರಟುಹೋದರೆ ಅವನು ಎಲ್ಲಿದ್ದಾನೆ ಅಂತ ಕೇಳುವ ಹಕ್ಕು ಇಲ್ಲ. ಬರೆದರೆ, ಕೇಳುವುದಕ್ಕೆ ಅವನೇ ಇರುವುದಿಲ್ಲ. ಅವತ್ತು ಗೇಟಿನಲ್ಲಿ ಬಾಯಿ ಮುಚ್ಚಿ ಅವನನ್ನು ಕಳೆದುಕೊಂಡೆ, ಇವತ್ತು ಕೈ ಬಿಚ್ಚಿ ಕಳೆದುಕೊಳ್ಳಬೇಕು. ದೇವರೇ, ಯಾವ ಕಡೆ ಹೋದರೂ ಕೊಲ್ಲುವವಳು ನಾನೇ ಏಕಾಗಬೇಕು? ಗುರೂಜಿ ಹಿಂದಿನಿಂದ ಏನೋ ಅಂದರು, ಅವಳಿಗೆ ಕೇಳಿಸಲಿಲ್ಲ.

ಓಢನಿಯನ್ನು ತಲೆಯಿಂದ ಸರಿಸಿದಳು. ಅದರ ತುದಿಯನ್ನೇ ಹಿಡಿದು ಬೈತಲೆಯನ್ನು ಹಣೆಯಿಂದ ನೆತ್ತಿಯ ತನಕ ತಿಕ್ಕಿ ಒರೆಸಿದಳು. ಒಂದು ಸಲಕ್ಕೆ ಹೋಗಲಿಲ್ಲ, ಮತ್ತೆ ತಿಕ್ಕಿದಳು. ಸಾಲಿನಲ್ಲಿದ್ದ ಹೆಂಗಸೊಬ್ಬಳು ಕಿಟ್ಟನೆ ಕಿರುಚಿದಳು. ಬಿಸ್ನಾಥ್ ಎದ್ದು ನಿಂತುಬಿಟ್ಟ. ಬಿದ್ವಂತಿ ಆಮೇಲೆ ಪೆನ್ಸಿಲು ಎತ್ತಿಕೊಂಡು ಬರೆದಳು. ಹಿಂದಿಯ ಮ ಬರೆದಳು, ಅದರ ನೆತ್ತಿಗೆ ಚುಕ್ಕೆ ಇಟ್ಟಳು, ಗ ಬರೆದಳು, ಲ ಬರೆದಳು. ಬರೆದದ್ದನ್ನು ಓದಿ ಅಂದರು, ಓದಿದಳು. ಆ ಹೆಸರು ಅವಳ ಬಾಯಿಂದ ಹೊರಟದ್ದು ಅದೇ ಮೊದಲು, ಅದನ್ನು ಕೇಳಲು ಹಂಬಲಿಸಿದವನು ಅಲ್ಲಿರಲಿಲ್ಲ.

ಸಾಹೇಬ ಹಾಳೆ ತಿರುಗಿಸಿ ನೋಡಿ, ಅಕ್ಷರ ಬಹಳ ಚೆನ್ನಾಗಿದೆ ಅಂದ. ಒಂದು ಚೀಟಿ ಹರಿದುಕೊಟ್ಟ. ಮುಂದಿನವರನ್ನು ಕರೆದರು.

ರಸ್ತೆಯಲ್ಲಿ ಕೌಲ್ಪತಿ ಮತ್ತು ಇನ್ನಿಬ್ಬರು ಕಾಯುತ್ತಿದ್ದರು. ಅವಳ ಕೈಯಲ್ಲಿ ಚೀಟಿ ಕಂಡು, "ಗೆದ್ದೆಯಲ್ಲೇ!" ಎಂದು ಓಡಿ ಬಂದ ಕೌಲ್ಪತಿ ಬರಿದಾದ ಬೈತಲೆ ನೋಡಿ ಅರ್ಧ ದಾರಿಯಲ್ಲೇ ನಿಂತಳು. ಆಮೇಲೆ ಪಕ್ಕದಲ್ಲಿ ನಡೆದಳು.

ಮನೆಯಲ್ಲಿ ಜಗ್ಮತಿ ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಕಣ್ಣು ಮಂಜು, ಕಾಲ ಸಪ್ಪಳದಿಂದಲೇ ಸೊಸೆಯೆಂದು ತಿಳಿಯಿತು.

"ಬಂದ್ಯಾ? ಬರೆಯಲಿಲ್ಲ ತಾನೇ? ಗೊತ್ತಿತ್ತು ನಂಗೆ. ಸತ್ತವನಿಗೋಸ್ಕರ ಬಂದ ಭಾಗ್ಯಾನ ಒದ್ದು ಬಂದ್ಯಾ ಮೂಗಿ?"

ಬಿದ್ವಂತಿ ಉತ್ತರ ಕೊಡಲಿಲ್ಲ. ಮುದುಕಿ ಕಾದಳು.

"ಸತ್ತ ಅಂದೆ ಕಣೇ," ಎಂದಳು ಮತ್ತೆ, ಸ್ವಲ್ಪ ಜೋರಾಗಿ. "ಸತ್ತಿದಾನೆ ಅವನು!"

"ಹೌದು ಅತ್ತೆ."

ಜಗ್ಮತಿಯ ಕೈಯಿಂದ ಮೊರ ಜಾರಿ ಅಕ್ಕಿ ಮಣ್ಣಿನಲ್ಲಿ ಚೆಲ್ಲಿತು. ಎದ್ದು ತಡವರಿಸುತ್ತಾ ಬಂದು ಎರಡೂ ಕೈಯಿಂದ ಸೊಸೆಯ ತಲೆ ಹಿಡಿದಳು. ಹೆಬ್ಬೆರಳಿನಿಂದ ಬೈತಲೆ ಸವರಿ, ಬೆರಳನ್ನು ಕಣ್ಣಿಗೆ ಹತ್ತಿರ ತಂದು ನೋಡಿದಳು. ಬೆರಳಿಗೆ ಏನೂ ಅಂಟಿರಲಿಲ್ಲ. ಆಗ ಆ ಮುದುಕಿ ಕೂಗಿದ ಕೂಗು ಕೋಠಿಯ ಕೊನೆಯ ಮನೆಗೂ ಕೇಳಿಸಿತು. ಮಗನನ್ನು ಲಾರಿಯಲ್ಲಿ ಒಯ್ದ ದಿನವೂ ಅವಳು ಹಾಗೆ ಕೂಗಿರಲಿಲ್ಲ.

"ಪಾಪಿ, ಹೌದು ಅಂದ್ಯಲ್ಲೇ! ನೀನು ಇಲ್ಲ ಅಂತೀಯ ಅನ್ನೋ ಧೈರ್ಯಕ್ಕೇ ಕಣೇ ನಾನು ದಿನಾ ಸತ್ತ ಸತ್ತ ಅಂತಿದ್ದದ್ದು! ಇನ್ನು ನಂಗೆ 'ಇಲ್ಲ ಅತ್ತೆ' ಅಂತ ಯಾರೇ ಅಂತಾರೆ? ಯಾರು ಅಂತಾರೆ?"